ಮೂರು ಮತ, ಎರಡು ಮತ: ಸೋನ್ಯಾ ಹೆನಿಯ ಕಥೆ

ನಾವು ಬೊರಿವಲಿಯವರು ಮಂಜುಗಡ್ಡೆ ನೋಡುವುದು ಕಬ್ಬಿನಹಾಲಿನ ಅಂಗಡಿಯಲ್ಲಿ, ಇಲ್ಲವೇ ಬರ್ಫ್ ಗೋಲಾದ ಗಾಡಿಯಲ್ಲಿ. ಅದರ ಮೇಲೆ ಜಾರುತ್ತಾ ಕುಣಿಯುವ ಕ್ರೀಡೆಯ ಬಗ್ಗೆ ಬರೆಯುತ್ತೇನೆ ಎಂದಾಗ ಸಂಚಿಕೆಯ ಹೊಣೆ ಹೊತ್ತ ಅಕ್ಕಂದಿರು ಒಂದು ಕ್ಷಣ ಸುಮ್ಮನಾದರು. ಚೆನ್ನಮ್ಮ, ಅಬ್ಬಕ್ಕರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಆರಿಸಿಕೊಂಡದ್ದು ನಾರ್ವೆಯ ಸೋನ್ಯಾ ಹೆನಿಯನ್ನು. ಮೂರು ಒಲಿಂಪಿಕ್ ಚಿನ್ನ, ಹತ್ತು ವಿಶ್ವ ಪ್ರಶಸ್ತಿ, ಆರು ಯುರೋಪ್ ಪ್ರಶಸ್ತಿ ಗೆದ್ದವಳು. ಮಹಿಳೆಯರ ಸಿಂಗಲ್ಸ್ ಫಿಗರ್ ಸ್ಕೇಟಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಇನ್ನೊಬ್ಬಳು ಇವತ್ತಿಗೂ ಇಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪಟ್ಟಿಯಲ್ಲ. ಆ ಹತ್ತು ವಿಶ್ವ ಪ್ರಶಸ್ತಿಗಳಲ್ಲಿ ಮೊದಲನೆಯದು ಅವಳಿಗೆ ಸಲ್ಲಬೇಕಾಗಿತ್ತೇ ಎಂಬ ಪ್ರಶ್ನೆ.

ಸೋನ್ಯಾ ಹುಟ್ಟಿದ್ದು 1912ರ ಏಪ್ರಿಲ್ 8ರಂದು, ಈಗಿನ ಓಸ್ಲೋದಲ್ಲಿ. ಆಗ ಆ ಊರಿನ ಹೆಸರು ಕ್ರಿಸ್ಟಿಯಾನಿಯಾ. ತಂದೆ ವಿಲ್ಹೆಲ್ಮ್ ತುಪ್ಪಳದ ಬಟ್ಟೆಯ ದೊಡ್ಡ ವ್ಯಾಪಾರಿ, ಹರೆಯದಲ್ಲಿ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವರು. ಮಗಳಲ್ಲಿ ಚುರುಕು ಕಂಡಕೂಡಲೇ ಅವರು ಅದಕ್ಕೆ ಹಣ ಸುರಿದರು. ಒಳ್ಳೆಯ ಗುರುಗಳು, ಬ್ಯಾಲೆ ಪಾಠ, ದೇಶ ವಿದೇಶ ಪ್ರಯಾಣ, ಜೊತೆಗೆ ಸದಾ ತಾಯಿ ಸೆಲ್ಮಾ. ಹತ್ತನೇ ವಯಸ್ಸಿಗೆ ಸೋನ್ಯಾ ನಾರ್ವೆಯ ರಾಷ್ಟ್ರೀಯ ಚಾಂಪಿಯನ್ ಆದಳು. 1924ರಲ್ಲಿ ಫ್ರಾನ್ಸಿನ ಶಾಮೋನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಅವಳಿಗೆ ಹನ್ನೊಂದು ವರ್ಷ. ಎಂಟು ಮಂದಿಯಲ್ಲಿ ಎಂಟನೆಯವಳಾದಳು. ಆಟದ ನಡುವೆ ಅಂಚಿಗೆ ಜಾರಿ ಬಂದು, ಮುಂದೇನು ಮಾಡಲಿ ಎಂದು ಗುರುಗಳನ್ನು ಕೇಳುತ್ತಿದ್ದಳಂತೆ.

ಆ ಸ್ಪರ್ಧೆಯಲ್ಲಿ ಚಿನ್ನ ಗೆದ್ದವಳು ವಿಯೆನ್ನಾದ ಹೆರ್ಮಾ ಸಾಬೊ. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಸೋನ್ಯಾಳ ಕಥೆಯ ಅರ್ಧ ಭಾಗ ಇವಳದು. ಹೆರ್ಮಾಳದು ಸ್ಕೇಟಿಂಗ್ ಮನೆತನ. ತಾಯಿ ಸ್ಕೇಟಿಂಗ್ ಪಟು, ಸೋದರಮಾವ ಎಡುವಾರ್ಡ್ ಎಂಗೆಲ್‌ಮನ್ ವಿಯೆನ್ನಾದಲ್ಲಿ ಕೃತಕ ಮಂಜಿನ ಅಂಗಳ ಕಟ್ಟಿಸಿದ ಎಂಜಿನಿಯರ್. 1922ರಿಂದ 1926ರವರೆಗೆ ಐದು ವರ್ಷ ಒಂದೇ ಸಮನೆ ವಿಶ್ವ ಪ್ರಶಸ್ತಿ ಅವಳದೇ. 1926ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅವಳ ಹಿಂದೆ ಎರಡನೇ ಸ್ಥಾನಕ್ಕೆ ಬಂದು ನಿಂತವಳು ಹದಿಮೂರರ ಸೋನ್ಯಾ.

ಇನ್ನು ಮುಂದಿನದು ಅರ್ಥವಾಗಬೇಕಾದರೆ ಈ ಆಟದಲ್ಲಿ ಸ್ಥಾನ ಹೇಗೆ ಕೊಡುತ್ತಿದ್ದರು ಎಂಬುದನ್ನು ಹೇಳಲೇಬೇಕು. ಓಟದಲ್ಲಾದರೆ ಗಡಿಯಾರ ಹೇಳುತ್ತದೆ, ಕಬಡ್ಡಿಯಲ್ಲಾದರೆ ಅಂಕಪಟ್ಟಿ ಹೇಳುತ್ತದೆ. ಇಲ್ಲಿ ಹೇಳುವುದು ಮನುಷ್ಯರ ಕಣ್ಣು. ಅಂದಿನ ಸ್ಪರ್ಧೆಯಲ್ಲಿ ಎರಡು ಭಾಗ. ಮೊದಲನೆಯದು ಮಂಜಿನ ಮೇಲೆ ಎಂಟರ ಆಕಾರದ ಗೆರೆಗಳನ್ನು ಸ್ಕೇಟಿನ ಅಲಗಿನಿಂದಲೇ ಕೊರೆಯುವುದು. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ತಪ್ಪದೆ ಸಾಗಬೇಕು. ನಮ್ಮ ಚುಕ್ಕಿ ರಂಗೋಲಿಯಲ್ಲಿ ಎಳೆಯ ಮೇಲೆ ಎಳೆ ಬಿಡುವಂತೆ, ಆದರೆ ಕಾಲಿನಿಂದ. ತೀರ್ಪುಗಾರರು ಬಗ್ಗಿ ಕೂತು ಗೆರೆ ಪರೀಕ್ಷಿಸುತ್ತಿದ್ದರು. ಎರಡನೆಯದು ಸಂಗೀತಕ್ಕೆ ಕುಣಿಯುವ ಸ್ವತಂತ್ರ ಪ್ರದರ್ಶನ. ಜನ ಟಿಕೆಟ್ ಕೊಂಡು ಬರುತ್ತಿದ್ದುದು ಎರಡನೆಯದಕ್ಕೆ, ಹೆಚ್ಚು ತೂಕ ಇದ್ದದ್ದು ಮೊದಲನೆಯದಕ್ಕೆ. ನೋಡುಗರಿಗೂ ಫಲಿತಾಂಶಕ್ಕೂ ತಾಳೆಯಾಗದೆ ಜಗಳ ಹುಟ್ಟಲು ಇಷ್ಟೇ ಸಾಕಿತ್ತು.

ಪ್ರತಿ ತೀರ್ಪುಗಾರ ಅಂಕ ಕೊಡುತ್ತಿದ್ದ, ಆದರೆ ಆ ಅಂಕಗಳನ್ನು ಎಲ್ಲರದ್ದೂ ಸೇರಿಸಿ ಕೂಡಿಸಿ ಗೆದ್ದವರನ್ನು ಆರಿಸುತ್ತಿರಲಿಲ್ಲ. ಅವನ ಅಂಕದ ಪ್ರಕಾರ ಯಾರು ಮೊದಲು, ಯಾರು ಎರಡನೆಯವರು ಎಂಬ ಸ್ಥಾನ ಮಾತ್ರ ಲೆಕ್ಕಕ್ಕೆ. ಹೆಚ್ಚು ಮಂದಿ ಯಾರನ್ನು ಮೊದಲ ಸ್ಥಾನದಲ್ಲಿಟ್ಟರೋ ಅವರಿಗೆ ಗೆಲುವು. ನಮ್ಮ ಭಜನಾ ಸ್ಪರ್ಧೆಯ ಅಂಕಗಳನ್ನು ಎಕ್ಸೆಲ್‌ನಲ್ಲಿ ಕೂಡಿಸುವ ಕೆಲಸ ಪ್ರತಿ ಸಲ ಐಟಿಯವಳೆಂದು ನನ್ನ ತಲೆಗೇ ಬೀಳುವುದರಿಂದ ಈ ಪದ್ಧತಿಯ ಜಾಣತನ ನನಗೆ ಚೆನ್ನಾಗಿ ಹಿಡಿಸಿತು. ಒಂದು ಉದಾಹರಣೆ ನೋಡಿ. ನಾಲ್ವರು ತೀರ್ಪುಗಾರರು ಒಂದನೇ ತಂಡಕ್ಕೆ 80, ಎರಡನೇ ತಂಡಕ್ಕೆ 75 ಕೊಟ್ಟರು ಅನ್ನೋಣ. ಐದನೆಯವರಿಗೆ ಎರಡನೇ ತಂಡದಲ್ಲಿ ಬೇಕಾದವರಿದ್ದಾರೆ, ಅವರು ಒಂದನೇ ತಂಡಕ್ಕೆ 50, ಎರಡನೆಯದಕ್ಕೆ 90 ಕೊಟ್ಟರು. ಕೂಡಿಸಿದರೆ ಒಂದನೇ ತಂಡಕ್ಕೆ 370, ಎರಡನೆಯದಕ್ಕೆ 390. ಒಬ್ಬರ ಪ್ರೀತಿ ನಾಲ್ವರ ತೀರ್ಪನ್ನು ನುಂಗಿಬಿಟ್ಟಿತು. ಸ್ಥಾನದ ಲೆಕ್ಕ ಹಿಡಿದರೆ ಒಂದನೇ ತಂಡವೇ ನಾಲ್ಕಕ್ಕೆ ಒಂದರಂತೆ ಗೆಲ್ಲುತ್ತದೆ. ಪಕ್ಷಪಾತಿಯ ಕೈಯಲ್ಲಿ ಉಳಿಯುವುದು ಒಂದೇ ಮತ.

ಆದರೆ ಪಕ್ಷಪಾತಿಗಳೇ ಹೆಚ್ಚು ಮಂದಿ ಇದ್ದರೆ? ಆಗ ಯಾವ ಗಣಿತವೂ ಕಾಪಾಡುವುದಿಲ್ಲ. 1927ರಲ್ಲಿ ಆದದ್ದು ಅದೇ.

ಆ ಫೆಬ್ರವರಿಯಲ್ಲಿ ಮಹಿಳೆಯರ ವಿಶ್ವ ಸ್ಪರ್ಧೆ ನಡೆದದ್ದು ಓಸ್ಲೋದಲ್ಲಿ, ಸೋನ್ಯಾಳ ತವರಿನಲ್ಲಿ. ತೀರ್ಪುಗಾರರು ಐವರು. ಅವರಲ್ಲಿ ಮೂವರು ನಾರ್ವೆಯವರು, ಒಬ್ಬರು ಆಸ್ಟ್ರಿಯಾದವರು, ಇನ್ನೊಬ್ಬರು ಜರ್ಮನಿಯವರು. ಒಂದು ದೇಶದಿಂದ ಇಷ್ಟೇ ಮಂದಿ ಇರಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ. ಹದಿನೈದು ತುಂಬಲು ಇನ್ನೂ ಎರಡು ತಿಂಗಳು ಬಾಕಿಯಿದ್ದ ಸೋನ್ಯಾ ಒಂದು ಕಡೆ, ಇಪ್ಪತ್ತೈದರ ಹೊಸ್ತಿಲಲ್ಲಿದ್ದ, ಐದು ಸಲದ ವಿಜೇತೆ ಹೆರ್ಮಾ ಇನ್ನೊಂದು ಕಡೆ. ಮೂವರು ನಾರ್ವೆಯವರೂ ಸೋನ್ಯಾಳನ್ನು ಮೊದಲ ಸ್ಥಾನದಲ್ಲಿಟ್ಟರು. ಆಸ್ಟ್ರಿಯಾದವರೂ ಜರ್ಮನಿಯವರೂ ಹೆರ್ಮಾಳನ್ನು ಮೊದಲ ಸ್ಥಾನದಲ್ಲಿಟ್ಟರು. ಮೂರಕ್ಕೆ ಎರಡು. ಸೋನ್ಯಾ ವಿಶ್ವ ಚಾಂಪಿಯನ್.

ಗದ್ದಲವೆದ್ದಿತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇದಾದ ಮೇಲೆ ಒಂದು ದೇಶಕ್ಕೆ ಒಬ್ಬರೇ ತೀರ್ಪುಗಾರರು ಎಂಬ ನಿಯಮ ತಂದಿತು. ಅಂದರೆ ನಡೆದದ್ದು ಸರಿಯಿಲ್ಲ ಎಂಬುದನ್ನು ಒಕ್ಕೂಟವೇ ಒಪ್ಪಿದ ಹಾಗಾಯಿತು. ಆದರೂ ಫಲಿತಾಂಶ ಬದಲಾಗಲಿಲ್ಲ. ಹೆರ್ಮಾ ಸ್ಪರ್ಧೆಗೆ ಬೆನ್ನು ತಿರುಗಿಸಿದಳು. ಅದೇ ವರ್ಷ ಲುಡ್‌ವಿಗ್ ವ್ರೆಡೆ ಜೊತೆ ಜೋಡಿ ಸ್ಕೇಟಿಂಗ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದಿದ್ದವಳು, ಅಂದರೆ ಕಾಲಲ್ಲಿ ಕಸುವಿಲ್ಲದೆ ಬಿಟ್ಟವಳಲ್ಲ. ಅವಳೂ ಸೋನ್ಯಾಳೂ ಮತ್ತೆಂದೂ ಎದುರಾಗಲಿಲ್ಲ.

ನನ್ನ ತೂಕ ಹೆರ್ಮಾಳ ಕಡೆಗಿದೆ, ಮುಚ್ಚಿಡುವುದಿಲ್ಲ. ಆದರೂ ನ್ಯಾಯವಾಗಿ ನೋಡಬೇಕಾದರೆ ಇನ್ನೊಂದು ಮಾತೂ ಇದೆ. ಆಸ್ಟ್ರಿಯಾದ ತೀರ್ಪುಗಾರರೂ ತಮ್ಮ ದೇಶದವಳಿಗೇ ಮತ ಕೊಟ್ಟರಲ್ಲ. ಐವರಲ್ಲಿ ತನ್ನ ದೇಶದ ಹುಡುಗಿಯನ್ನು ಮೇಲಿಡದಿದ್ದವರು ಜರ್ಮನಿಯವರೊಬ್ಬರೇ, ಆ ಒಂದು ಮತ ಹೆರ್ಮಾಳಿಗೆ ಬಿದ್ದಿತ್ತು. ಒಂದು ಮತದಿಂದ ಏನನ್ನೂ ಸಿದ್ಧಪಡಿಸಲಾಗದು. ಆ ದಿನ ಸೋನ್ಯಾ ನಿಜವಾಗಿಯೂ ಚೆನ್ನಾಗಿ ಆಡಿದ್ದಿರಬಹುದು, ಬೇರೆ ಯಾವ ಮಂಡಳಿ ಕೂತಿದ್ದರೂ ಗೆಲ್ಲುತ್ತಿದ್ದಿರಬಹುದು. ಅದನ್ನು ತಿಳಿಯುವ ದಾರಿಯನ್ನೇ ಆ ಮಂಡಳಿ ಮುಚ್ಚಿಬಿಟ್ಟಿತು. ಸೋತವಳ ಪದಕ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಗೆದ್ದ ಹದಿನಾಲ್ಕರ ಹುಡುಗಿಯ ಗೆಲುವನ್ನೂ ತವರಿನವರೇ ಕೆಡಿಸಿಟ್ಟರು ಎಂಬುದು ನನ್ನ ಲೆಕ್ಕ. ನಮ್ಮ ರಂಗೋಲಿ ಸ್ಪರ್ಧೆಗೆ ಬೇರೆ ಸಂಘದಿಂದ ತೀರ್ಪುಗಾರರನ್ನು ಕರೆಸಿ, ಹೆಸರಿನ ಬದಲು ನಂಬರ್ ಚೀಟಿ ಇಡುವುದು ವೃಥಾ ಶ್ರಮ ಎಂದು ಗೊಣಗುವವರು ಇದನ್ನು ಒಮ್ಮೆ ಯೋಚಿಸಬೇಕು.

ತೀರ್ಪಿನ ಜಗಳ ಈ ಆಟಕ್ಕೆ ಹೊಸದೇನೂ ಅಲ್ಲ. 1902ರಲ್ಲಿ ಲಂಡನ್ನಿನ ಮ್ಯಾಜ್ ಸೈಯರ್ಸ್ ಎಂಬಾಕೆ, ಹೆಂಗಸರು ಬರಕೂಡದೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲವಲ್ಲ ಎಂದು, ಗಂಡಸರ ಜೊತೆ ವಿಶ್ವ ಸ್ಪರ್ಧೆಗಿಳಿದು ಎರಡನೇ ಸ್ಥಾನ ಪಡೆದಳು. ಮರುವರ್ಷವೇ ಒಕ್ಕೂಟ ಹೆಂಗಸರಿಗೆ ಬಾಗಿಲು ಹಾಕಿತು. ಉದ್ದ ಲಂಗದಿಂದ ಕಾಲು ಕಾಣದೆ ತೀರ್ಪು ಕೊಡಲಾಗದು ಎಂಬುದು ಒಂದು ಕಾರಣ. ತೀರ್ಪುಗಾರ ತಾನು ಮೆಚ್ಚಿದ ಹುಡುಗಿಗೇ ತೀರ್ಪು ಕೊಡುವ ಸಂದರ್ಭ ಬರಬಹುದು ಎಂಬುದು ಇನ್ನೊಂದು. ಗಂಡಸಿನ ಮನಸ್ಸು ಜಾರಬಹುದೆಂದು ಹೆಂಗಸನ್ನು ಹೊರಗಿಟ್ಟದ್ದು! ಮಹಿಳೆಯರಿಗೆ ಬೇರೆ ಸ್ಪರ್ಧೆ ಶುರುವಾದದ್ದು 1906ರಲ್ಲಿ, ಮೊದಲ ಎರಡು ವರ್ಷ ಗೆದ್ದವಳು ಮ್ಯಾಜ್. ಲಂಗದ ತೊಂದರೆ ಸೋನ್ಯಾಳ ಕಾಲಕ್ಕೆ ತೀರಿತ್ತು. ಮೊಣಕಾಲಿನ ಮೇಲಿನ ಗಿಡ್ಡ ಲಂಗ, ಬಿಳಿ ಬೂಟು, ಬ್ಯಾಲೆಯ ಲಾಲಿತ್ಯ, ಇವನ್ನೆಲ್ಲ ಮಂಜಿನ ಮೇಲೆ ರೂಢಿಗೆ ತಂದವಳೆಂದು ಅವಳನ್ನೇ ಹೇಳುತ್ತಾರೆ.

1928ರ ಸೇಂಟ್ ಮೊರಿಟ್ಜ್ ಒಲಿಂಪಿಕ್ಸ್‌ಗೆ ಬರುವ ಹೊತ್ತಿಗೆ ಸೋನ್ಯಾಳ ಮೇಲೆ ಹಿಂದಿನ ವರ್ಷದ ಸಂಶಯವಿತ್ತು. ಈ ಸಲ ಏಳು ಮಂದಿ ತೀರ್ಪುಗಾರರು, ಬೇರೆ ಬೇರೆ ದೇಶದವರು. ಆರು ಮಂದಿ ಅವಳನ್ನು ಮೊದಲ ಸ್ಥಾನದಲ್ಲಿಟ್ಟರು. ಅಮೆರಿಕದ ತೀರ್ಪುಗಾರ ಮಾತ್ರ ಅಮೆರಿಕದವಳನ್ನೇ ಮೇಲಿಟ್ಟ. ಹದಿನೈದನೇ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ. ಅವಳಿಗಿಂತ ಚಿಕ್ಕವಯಸ್ಸಿನಲ್ಲಿ ಈ ಚಿನ್ನ ಗೆಲ್ಲಲು 1998ರಲ್ಲಿ ಅಮೆರಿಕದ ತಾರಾ ಲಿಪಿನ್ಸ್ಕಿ ಬರಬೇಕಾಯಿತು. 1932ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಏಳಕ್ಕೆ ಏಳೂ ಮತ ಅವಳಿಗೆ. ಓಸ್ಲೋದ ಮೂರು ಮತಗಳಿಗೆ ಅವಳು ಕೊಟ್ಟ ಉತ್ತರ ಇದು, ಮಂಜಿನ ಮೇಲೆಯೇ.

ಆದರೂ ಗುಸುಗುಸು ಪೂರ್ತಿ ನಿಲ್ಲಲಿಲ್ಲ. ತಂದೆಯ ಹಣ, ಅವರ ಓಡಾಟ, ಹವ್ಯಾಸಿ ಆಟಗಾರ್ತಿಯ ಪ್ರದರ್ಶನಗಳಿಗೆ ಒಳಗಿಂದೊಳಗೆ ಕಾಸು ಕೇಳುತ್ತಾರೆಂಬ ಮಾತು, ಎಲ್ಲ ಇತ್ತು. ಸೋನ್ಯಾಳೂ ಸುಲಭದ ಹೆಣ್ಣಲ್ಲ. 1936ರಲ್ಲಿ ಜರ್ಮನಿಯ ಗಾರ್ಮಿಷ್ ಪಾರ್ಟನ್‌ಕಿರ್ಶನ್ ಒಲಿಂಪಿಕ್ಸ್‌ನಲ್ಲಿ ಗೆರೆ ಕೊರೆಯುವ ಭಾಗ ಮುಗಿದಾಗ ಇಂಗ್ಲೆಂಡಿನ ಹದಿನೈದರ ಸಿಸಿಲಿಯಾ ಕಾಲೆಜ್ ಅವಳಿಗೆ ಕೆಲವೇ ಅಂಕ ಹಿಂದಿದ್ದಳು. ಗೋಡೆಗೆ ಅಂಟಿಸಿದ ಅಂಕಪಟ್ಟಿಯನ್ನು ಸೋನ್ಯಾ ಕಿತ್ತು ಹರಿದಳೆಂಬ ಕಥೆಯಿದೆ. ಕೊನೆಗೆ ಅಂಕ 424.5ಕ್ಕೆ 418.1. ಆ ಹೊತ್ತಿಗೆ ಯಾವ ವಯಸ್ಸಿನಲ್ಲಿ ತಾನು ಹೆರ್ಮಾಳ ಎದುರು ನಿಂತಿದ್ದಳೋ, ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗಿ ಈಗ ತನ್ನ ಎದುರು. ಅದು ಅವಳಿಗೆ ಹೊಳೆದಿರಲೇಬೇಕು. ಅದೇ ತಿಂಗಳು ಪ್ಯಾರಿಸ್‌ನಲ್ಲಿ ಹತ್ತನೇ ವಿಶ್ವ ಪ್ರಶಸ್ತಿ ಗೆದ್ದು ಸ್ಪರ್ಧೆ ಬಿಟ್ಟಳು.

ಈ ಹೊತ್ತಿನ ಇನ್ನೊಂದು ಕಲೆಯನ್ನು ಒರೆಸುವಂತಿಲ್ಲ. ಬರ್ಲಿನ್‌ನಲ್ಲಿ ಪ್ರದರ್ಶನ ಕೊಟ್ಟಾಗ ಹಿಟ್ಲರನಿಗೆ ನಾಜಿ ರೀತಿಯಲ್ಲಿ ಕೈಯೆತ್ತಿ ವಂದಿಸಿದಳು. ನಾರ್ವೆಯ ಪತ್ರಿಕೆಗಳು ಅವಳನ್ನು ಹರಿದು ಹಾಕಿದವು. ಅವನ ಸಹಿಯಿದ್ದ ಚಿತ್ರ ಅವಳ ಮನೆಯಲ್ಲಿತ್ತು. ಯುದ್ಧಕಾಲದಲ್ಲಿ ನಾರ್ವೆ ಜರ್ಮನರ ಕೈಗೆ ಸಿಕ್ಕಾಗ ಆ ಚಿತ್ರವೇ ಮನೆಯನ್ನು ಕಾಪಾಡಿತೆಂದು ಹೇಳುತ್ತಾರೆ. ಸ್ವಂತ ದೇಶದವರು ಇದನ್ನು ಬಹಳ ಕಾಲ ಕ್ಷಮಿಸಲಿಲ್ಲ, ಅದರಲ್ಲಿ ತಪ್ಪೂ ಕಾಣುವುದಿಲ್ಲ.

ಹಾಲಿವುಡ್ ವಿಷಯ ಬೇಗ ಮುಗಿಸುತ್ತೇನೆ. ಟ್ವೆಂಟಿಯೆತ್ ಸೆಂಚುರಿ ಫಾಕ್ಸ್ ಅವಳನ್ನು ನಾಯಕಿಯಾಗಿಸಿ ಒಂದರ ಹಿಂದೊಂದು ಚಿತ್ರ ತೆಗೆಯಿತು, ಮಂಜಿನ ಮೇಲಿನ ಅವಳ ಪ್ರದರ್ಶನಗಳು ಅಮೆರಿಕದ ಊರೂರು ಸುತ್ತಿದವು, ಅತಿ ಹೆಚ್ಚು ಸಂಭಾವನೆಯ ತಾರೆಗಳಲ್ಲಿ ಅವಳೊಬ್ಬಳಾದಳು. 1941ರಲ್ಲಿ ಅಮೆರಿಕದ ಪೌರತ್ವ ಪಡೆದಳು. ಮೂರು ಮದುವೆ. ಕೊನೆಯದು 1956ರಲ್ಲಿ ನಾರ್ವೆಯ ಹಡಗು ಮಾಲೀಕ ನೀಲ್ಸ್ ಓನ್‌ಸ್ಟಾಡ್ ಜೊತೆ. ಇಬ್ಬರೂ ಸೇರಿ ಕೊಂಡ ಆಧುನಿಕ ಚಿತ್ರಕಲೆಯ ಸಂಗ್ರಹವನ್ನಿಟ್ಟು ಓಸ್ಲೋ ಬಳಿಯ ಹೋವಿಕೊಡೆನ್‌ನಲ್ಲಿ 1968ರಲ್ಲಿ ಕಲಾಕೇಂದ್ರ ತೆರೆದರು.

ತೀರ್ಪಿನ ಜಗಳ ಮಾತ್ರ ಅವಳ ನಂತರವೂ ನಡೆಯುತ್ತಲೇ ಬಂತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ವಿವಾದವೆದ್ದು, ಎರಡನೇ ಸ್ಥಾನದ ಕೆನಡಾ ಜೋಡಿಗೂ ಚಿನ್ನ ಕೊಟ್ಟರು. ಅದಾದ ಮೇಲೆ ಸ್ಥಾನದ ಲೆಕ್ಕ ಬಿಟ್ಟು, ಪ್ರತಿ ಜಿಗಿತಕ್ಕೂ ತಿರುವಿಗೂ ಬೇರೆ ಬೇರೆ ಅಂಕ ಕೊಡುವ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಕಿತ್ತುಹಾಕುವ ಪದ್ಧತಿ ಬಂತು. 2014ರಲ್ಲಿ ರಷ್ಯಾದ ಸೋಚಿಯಲ್ಲಿ ರಷ್ಯಾದ ಅಡೆಲಿನಾ ಸೋಟ್ನಿಕೋವಾ ಕೊರಿಯಾದ ಯೂನಾ ಕಿಮ್‌ಳನ್ನು ಹಿಂದಿಕ್ಕಿದಾಗ ಮತ್ತೆ ಅದೇ ಕೂಗು. ಮಂಡಳಿಯಲ್ಲಿದ್ದ ಒಬ್ಬ ತೀರ್ಪುಗಾರ್ತಿ ರಷ್ಯಾ ಸ್ಕೇಟಿಂಗ್ ಸಂಸ್ಥೆಯ ಹಿರಿಯ ಅಧಿಕಾರಿಯ ಹೆಂಡತಿ. ಕೊರಿಯಾದ ದೂರನ್ನು ಒಕ್ಕೂಟ ತಳ್ಳಿಹಾಕಿತು. ಸೋನ್ಯಾಳಿಗೆ ಮುಂದೆ ಮಂಜು ಇತ್ತು, ಒಂಬತ್ತು ವರ್ಷಗಳೂ ಇದ್ದವು. ಅಡೆಲಿನಾ ಮತ್ತೆ ಒಲಿಂಪಿಕ್ಸ್‌ಗೆ ಬರಲಾಗಲಿಲ್ಲ, ಆ ಸಂಶಯ ಅವಳ ಹೆಸರಿಗೆ ಅಂಟಿಕೊಂಡೇ ಇದೆ.

1969ರ ಅಕ್ಟೋಬರ್ 12ರಂದು, ರಕ್ತದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಸೋನ್ಯಾ ಪ್ಯಾರಿಸ್‌ನಿಂದ ಓಸ್ಲೋಗೆ ಬರುವ ವಿಮಾನದಲ್ಲಿಯೇ ತೀರಿಕೊಂಡಳು. ಆಗ ಅವಳಿಗೆ ಐವತ್ತೇಳು. ಕಲಾಕೇಂದ್ರದ ಮೇಲಿನ ಗುಡ್ಡದಲ್ಲಿ ಅವಳ ಸಮಾಧಿಯಿದೆ, ಒಳಗೆ ಒಂದು ಕೋಣೆಯ ತುಂಬ ಅವಳ ಬಹುಮಾನಗಳಿವೆ. ಹೆರ್ಮಾ ಸಾಬೊ ಅವಳಿಗಿಂತ ಹತ್ತು ವರ್ಷ ದೊಡ್ಡವಳು, 1986ರವರೆಗೆ ಬದುಕಿದ್ದಳು. ದಾಖಲೆಯಲ್ಲಿ 1927ರ ಸಾಲು ಇವತ್ತಿಗೂ ಹಾಗೇ ಇದೆ. ಒಂದು, ಹೆನಿ. ಎರಡು, ಸಾಬೊ.