ಎಳೆ ಎಣಿಸುವ ಕಲೆ: ನಮ್ಮ ಕಸೂತಿ

ಮಕ್ಕಳೇ, ಸಮತೋಲನ, ಲಯ, ಅಳತೆ, ಬಣ್ಣಗಳ ಹೊಂದಿಕೆ ಎಂಬ ಮಾತುಗಳನ್ನು ನೀವು ಶಾಲೆಯ ಆರ್ಟ್ ಕ್ಲಾಸಿನಲ್ಲಿ ಕೇಳಿರುತ್ತೀರಿ. ಧಾರವಾಡ, ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳು ಈ ಪಾಠವನ್ನೆಲ್ಲ ಸೂಜಿ ಹಿಡಿದೇ ಕಲಿತರು. ಅವರ ಕೈಕೆಲಸದ ಹೆಸರು ಕಸೂತಿ.

ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂದು ಇದರಲ್ಲಿ 4 ಬಗೆಯ ಹೊಲಿಗೆಗಳಿವೆ.

ಗವಂತಿಯನ್ನೇ ಹತ್ತಿರದಿಂದ ನೋಡೋಣ. ಸೂಜಿ 4 ಎಳೆ ಮೇಲೆ ಹಾದು, 4 ಎಳೆ ಕೆಳಗೆ ನುಸುಳುತ್ತ ಸಾಗುತ್ತದೆ ಎಂದುಕೊಳ್ಳಿ. ಕೊನೆ ಮುಟ್ಟಿದಾಗ ಕಾಣುವುದು ಬಿಟ್ಟು ಬಿಟ್ಟು ಎಳೆದ ಗೀಟುಗಳು ಮಾತ್ರ. ಅದೇ ದಾರಿಯಲ್ಲಿ ಹಿಂದಿರುಗುವಾಗ ಸೂಜಿ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ, ಗೆರೆ ಪೂರ್ತಿಯಾಗುತ್ತದೆ. ಬಟ್ಟೆ ತಿರುವಿದರೆ ಹಿಂದೆಯೂ ಅದೇ ಗೆರೆ! ಹೋಗುವಾಗ ಒಂದೇ ಒಂದು ಎಳೆ ಎಣಿಕೆ ತಪ್ಪಿದರೂ ಬರುವಾಗ ಗೆರೆ ಕೂಡುವುದಿಲ್ಲ. ಅದಕ್ಕೇ ಹೊಲಿದ ಜಾಗಕ್ಕೆ ಎಷ್ಟು ಲೆಕ್ಕವೋ ಬಿಟ್ಟ ಜಾಗಕ್ಕೂ ಅಷ್ಟೇ ಲೆಕ್ಕ. ಚಿತ್ರ ಕಟ್ಟುವವರೆಲ್ಲ ಮೊದಲು ಕಲಿಯಬೇಕಾದದ್ದು ಇದನ್ನೇ.

ಈಗ ಕಸೂತಿಯ ಗೋಪುರವನ್ನು ನೋಡಿ. ನಡುಗೆರೆಯಿಂದ ಎಡಕ್ಕೆ ಎಷ್ಟು ಮೆಟ್ಟಿಲೋ ಬಲಕ್ಕೂ ಅಷ್ಟೇ; ಅದು ಸಮತೋಲನ. ಕಸೂತಿ ಹಾಕಿದ ಇಳಕಲ್ ಸೀರೆಯಲ್ಲಿ ಸೆರಗಿನ ಹತ್ತಿರ ತೇರು, ಆನೆ, ತುಳಸಿಕಟ್ಟೆಗಳು ದೊಡ್ಡದಾಗಿರುತ್ತವೆ. ಸೀರೆಯ ಒಡಲಿನತ್ತ ಹೋದಂತೆ ಚಿತ್ರಗಳು ಕಿರಿದಾಗುತ್ತ, ಸಣ್ಣ ಬುಟ್ಟಾಗಳಾಗಿ ಮುಗಿಯುತ್ತವೆ. ಅದು ಅಳತೆ, ಅದೇ ಲಯ. ಇನ್ನು ಬಣ್ಣಗಳ ಹೊಂದಿಕೆ. ಹಿಂದೆ ಮದುಮಗಳಿಗೆ ಕೊಡುತ್ತಿದ್ದ ಚಂದ್ರಕಾಳಿ ಸೀರೆಯ ಬಣ್ಣ ಕಪ್ಪು. ಆ ಕಪ್ಪಿನ ಮೇಲೆ ಬಿಳಿ ದಾರದ ಒಂದು ಸಣ್ಣ ಹಕ್ಕಿಯೂ ದೂರದಿಂದಲೇ ಕಣ್ಣು ಸೆಳೆಯುತ್ತದೆ.

ನೀವೂ ಮಾಡಿ ನೋಡಿ. ಗ್ರಾಫ್ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಅರ್ಧ ಗೋಪುರ ಬರೆದು, ಮನೆಗಳನ್ನು ಎಣಿಸುತ್ತ ಬಲಗಡೆ ಪೂರ್ತಿ ಮಾಡಿ. ಅಡ್ಡಗೆರೆ, ನೆಟ್ಟಗೆರೆ, ಓರೆಗೆರೆಗಳಷ್ಟೇ ಇರಲಿ. ಕಸೂತಿಯಲ್ಲಿ ನವಿಲಿನ ಕತ್ತು ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಬಾಗುತ್ತದೆ.

ಮುಂದಿನ ಸಲ ಹಬ್ಬಕ್ಕೆ ಯಾರಾದರೂ ಅಜ್ಜಿ ಕಸೂತಿ ಸೀರೆ ಉಟ್ಟು ಬಂದರೆ, ಅವರನ್ನು ಕೇಳಿ ಸೆರಗನ್ನು ಮೆಲ್ಲಗೆ ತಿರುವಿ ನೋಡಿ. ಗವಂತಿಯಲ್ಲಿ ಹಾಕಿದ ಗೋಪುರ ಹಿಂಬದಿಯಲ್ಲೂ ಹಾಗೆಯೇ ನಿಂತಿದ್ದರೆ, ಒಂದು ಎಳೆಯೂ ತಪ್ಪದಂತೆ ಎಣಿಸಿದ ಕೈ ಅದು.