ಗಣಿತಜ್ಞ ಗೌಸ್: ಗಾರೆ ಕೆಲಸದವನ ಮಗನನ್ನು ಶಾಲೆಯು ಗುರುತಿಸಿದ ಬಗೆ

ಪ್ರಾಥಮಿಕ ಶಾಲೆಯ ಒಂದು ತರಗತಿಯಲ್ಲಿ ಐವತ್ತೋ ಅರವತ್ತೋ ಮಕ್ಕಳು ಕುಳಿತಿರುತ್ತಾರೆ. ಎಲ್ಲರೂ ಒಂದೇ ಮಗ್ಗಿಯನ್ನು ಒಪ್ಪಿಸುತ್ತಾರೆ; ಒಂದೇ ಲೆಕ್ಕವನ್ನು ಮಾಡುತ್ತಾರೆ. ಅವರ ನಡುವೆ ತನ್ನ ಓರಗೆಯವರಿಗಿಂತ ನಾಲ್ಕು ತರಗತಿಗಳಷ್ಟು ಮುಂದೆ ನಡೆಯಬಲ್ಲ ಮಗುವೊಂದಿದ್ದರೆ ಅದನ್ನು ಗುರುತಿಸುವವರು ಯಾರು? ಗುರುತಿಸಿದ ಮೇಲೆ ಮುಂದಿನ ಪಾಠವನ್ನು ಹೇಳಿಕೊಡುವವರು ಯಾರು? ಹಲವು ದೇಶಗಳ ಶಾಲೆಗಳಲ್ಲಿ ಇಂತಹ ಮಕ್ಕಳನ್ನು ಆರಿಸಿ, ಗಣಿತವನ್ನು ವೇಗವಾಗಿ ಕಲಿಸುವ ಬೇರೆ ವರ್ಗಗಳನ್ನು ನಡೆಸುವ ಪದ್ಧತಿಯಿದೆ. ಆದರೆ ಆರಿಸುವ ಬಗೆ ಹೇಗಿರಬೇಕೆಂಬ ವಾದವು ಇನ್ನೂ ಮುಗಿದಿಲ್ಲ. ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರವು ಇನ್ನೂರು ವರ್ಷಗಳಿಗೂ ಹಿಂದಿನ ಒಬ್ಬ ಬಡ ಬಾಲಕನ ಚರಿತ್ರೆಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಆದುದರಿಂದ ಜರ್ಮನಿಯ ಗಣಿತಶಾಸ್ತ್ರಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್ ಅವರ ಜೀವನವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಹುಟ್ಟು ಮತ್ತು ಮನೆತನ

ಗೌಸರು 1777ನೆಯ ಇಸವಿ ಏಪ್ರಿಲ್ 30ರಂದು ಬ್ರನ್ಸ್‌ವಿಕ್ ಎಂಬ ಊರಿನಲ್ಲಿ ಹುಟ್ಟಿದರು. ಅಂದು ಜರ್ಮನಿಯು ಒಂದು ರಾಜ್ಯವಾಗಿರಲಿಲ್ಲ. ಡ್ಯೂಕರು ಆಳುತ್ತಿದ್ದ ಅನೇಕ ಸಣ್ಣ ಸಂಸ್ಥಾನಗಳಲ್ಲಿ ಬ್ರನ್ಸ್‌ವಿಕ್ ಒಂದು. ತಂದೆ ಗೆಬ್‌ಹಾರ್ಡ್ ಗಾರೆ ಕೆಲಸ, ತೋಟದ ಕೆಲಸ, ನೀರಿನ ಕಾಲುವೆಗಳ ಕೆಲಸ, ಹೀಗೆ ಸಿಕ್ಕಿದುದನ್ನು ಮಾಡಿ ಸಂಸಾರವನ್ನು ನಡೆಸುತ್ತಿದ್ದ ಶ್ರಮಜೀವಿ. ಓದುಬರಹವು ಅಷ್ಟಕ್ಕಷ್ಟೆ, ಆದರೆ ಲೆಕ್ಕದಲ್ಲಿ ಕೈ ಶುದ್ಧ. ಆದುದರಿಂದಲೇ ನೆರೆಹೊರೆಯವರು ಉತ್ತರಕ್ರಿಯೆಯ ಸಹಾಯನಿಧಿಯೊಂದರ ಹಣವನ್ನು ಅವರ ವಶಕ್ಕೆ ಒಪ್ಪಿಸಿದ್ದರು. ತಾಯಿ ಡೊರೊಥಿಯಾ ಕಲ್ಲುಕುಟಿಗನ ಮಗಳು. ಮದುವೆಗೆ ಮೊದಲು ಪರರ ಮನೆಯಲ್ಲಿ ಕೆಲಸಕ್ಕಿದ್ದವರು. ಆಕೆಗೆ ಬರೆಯಲು ಬಾರದು. ಮಗನು ಹುಟ್ಟಿದ ತಾರೀಖನ್ನು ಕೂಡ ಅವರು ಬರೆದಿಟ್ಟುಕೊಂಡಿರಲಿಲ್ಲ. ಕ್ರೈಸ್ತರ ಸ್ವರ್ಗಾರೋಹಣ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರ ಎಂಬಷ್ಟು ಮಾತ್ರ ಅವರ ನೆನಪಿನಲ್ಲಿತ್ತು. ಮಗನು ದೊಡ್ಡವನಾದ ಮೇಲೆ ಯಾವ ವರ್ಷದ ಈಸ್ಟರ್ ಹಬ್ಬದ ದಿನವನ್ನಾದರೂ ಕಂಡುಹಿಡಿಯುವ ಸೂತ್ರವನ್ನು ರಚಿಸಿದನು; ಅದರಿಂದ ತನ್ನ ಜನ್ಮದಿನವನ್ನು ಗೊತ್ತುಮಾಡುವುದು ಅವನಿಗೆ ಸುಲಭವಾಯಿತು.

ಬಾಲಕನಿಗೆ ಮೂರು ವರ್ಷವಾಗಿದ್ದಾಗ ತಂದೆಯವರು ಕೂಲಿಯಾಳುಗಳ ವಾರದ ಸಂಬಳವನ್ನು ಲೆಕ್ಕಹಾಕುತ್ತಿದ್ದರಂತೆ. ಬಳಿಯಲ್ಲಿದ್ದ ಮಗುವು ಮೊತ್ತವು ತಪ್ಪೆಂದು ಹೇಳಿ ಸರಿಯಾದ ಮೊತ್ತವನ್ನು ಸೂಚಿಸಿತು. ಮತ್ತೆ ಕೂಡಿ ನೋಡಲು ಮಗುವಿನ ಲೆಕ್ಕವೇ ಸರಿಯಾಗಿತ್ತು. ಈ ಸಂಗತಿಯನ್ನು ಗೌಸರು ತಮ್ಮ ಮುಪ್ಪಿನಲ್ಲಿ ಸ್ನೇಹಿತರಿಗೆ ಹೇಳುತ್ತಿದ್ದರು. ಮನೆಯಲ್ಲಿ ಇದು ವಿನೋದದ ಮಾತಾಯಿತೇ ಹೊರತು, ಅದರಿಂದ ಹುಡುಗನನ್ನು ವಿದ್ವಾಂಸನನ್ನಾಗಿ ಮಾಡಬೇಕೆಂಬ ಯೋಚನೆಯೇನೂ ತಂದೆಗೆ ಬರಲಿಲ್ಲ. ತನ್ನಂತೆಯೇ ಮಗನೂ ಕೈಕೆಲಸವನ್ನು ಕಲಿತು ಮನೆಗೆ ಆಸರೆಯಾಗಲಿ ಎಂಬುದೇ ಅವರ ಅಭಿಲಾಷೆ. ಇದು ಅವರ ದೋಷವಲ್ಲ. ದಿನದ ದುಡಿಮೆಯಿಂದ ದಿನದ ಊಟವನ್ನು ಸಂಪಾದಿಸುವವರ ಮನೆಯಲ್ಲಿ ಎರಡು ಕೈಗಳ ಬೆಲೆ ಏನೆಂಬುದು ನಮ್ಮ ವಾಚಕರಿಗೆ ತಿಳಿಯದ ವಿಷಯವಲ್ಲ.

ಬ್ಯೂಟ್ನರ್ ಮಾಸ್ತರರ ಶಾಲೆ

ಏಳನೆಯ ವಯಸ್ಸಿನಲ್ಲಿ, ಎಂದರೆ 1784ರಲ್ಲಿ, ಬಾಲಕನನ್ನು ಊರಿನ ಪ್ರಾಥಮಿಕ ಪಾಠಶಾಲೆಗೆ ಸೇರಿಸಿದರು. ಅಲ್ಲಿಯ ಉಪಾಧ್ಯಾಯರ ಹೆಸರು ಬ್ಯೂಟ್ನರ್. ತಗ್ಗಾದ ಮಾಡಿನ ಒಂದೇ ಕೋಣೆ. ಅದರಲ್ಲಿ ನಾನಾ ವಯಸ್ಸಿನ ಸುಮಾರು ನೂರು ಮಕ್ಕಳು. ಅವರ ನಡುವೆ ಚಾವಟಿಯನ್ನು ಹಿಡಿದು ಅತ್ತಿಂದಿತ್ತ ತಿರುಗಾಡುವ ಮಾಸ್ತರರು. ಮೊದಲ ಎರಡು ವರ್ಷ ಈ ಹುಡುಗನು ಹತ್ತರಲ್ಲಿ ಹನ್ನೊಂದನೆಯವನಾಗಿಯೇ ಇದ್ದನು. ಬಳಿಕ ಗಣಿತದ ವರ್ಗಕ್ಕೆ ಬಂದನು.

ಆ ವರ್ಗದಲ್ಲಿ ಒಂದು ಪದ್ಧತಿಯಿತ್ತು. ಮಾಸ್ತರರು ಎಲ್ಲರಿಗೂ ಒಂದೇ ಲೆಕ್ಕವನ್ನು ಕೊಡುವರು. ಮೊದಲು ಮುಗಿಸಿದವನು ತನ್ನ ಸ್ಲೇಟನ್ನು ನಡುವಿನ ದೊಡ್ಡ ಮೇಜಿನ ಮೇಲೆ ಇಡಬೇಕು; ಎರಡನೆಯವನು ಅದರ ಮೇಲೆ; ಹೀಗೆ ಒಂದರ ಮೇಲೊಂದಾಗಿ ಸ್ಲೇಟುಗಳು ಪೇರಿಸಲ್ಪಡುವುವು. ಒಂದು ದಿನ ಸಾಲಾದ ಅನೇಕ ಸಂಖ್ಯೆಗಳನ್ನು ಕೂಡುವ ಉದ್ದನೆಯ ಲೆಕ್ಕವೊಂದನ್ನು ಮಾಸ್ತರರು ಹೇಳಿದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕ ಗೌಸನು ಎದ್ದು ಬಂದು ತನ್ನ ಸ್ಲೇಟನ್ನು ಮೇಜಿನ ಮೇಲಿಟ್ಟು ಹಿಂದಿರುಗಿದನು. ಉಳಿದ ಮಕ್ಕಳು ಬಹಳ ಹೊತ್ತು ಬರೆದರು, ಒರೆಸಿದರು, ಮತ್ತೆ ಬರೆದರು. ಮಾಸ್ತರರು ಕರುಣೆಯೋ ಕುಚೋದ್ಯವೋ ತಿಳಿಯದ ನೋಟದಿಂದ ಆ ಹುಡುಗನನ್ನು ನೋಡುತ್ತಿದ್ದರು. ಕೊನೆಗೆ ಸ್ಲೇಟುಗಳ ರಾಶಿಯನ್ನು ತಿರುವಿಹಾಕಿದಾಗ ಎಲ್ಲಕ್ಕೂ ಕೆಳಗಿದ್ದ ಸ್ಲೇಟಿನಲ್ಲಿ ಒಂದೇ ಒಂದು ಸಂಖ್ಯೆಯಿತ್ತು, ಅದು ಸರಿಯಾಗಿತ್ತು. ಬೇರೆ ಅನೇಕರ ಉತ್ತರವು ತಪ್ಪಾಗಿದ್ದು ಅವರಿಗೆ ಚಾವಟಿಯ ಏಟು ಸಿಕ್ಕಿತು.

ಆ ಲೆಕ್ಕವು ಒಂದರಿಂದ ನೂರರವರೆಗಿನ ಸಂಖ್ಯೆಗಳ ಮೊತ್ತವೆಂದು ಲೋಕದಲ್ಲಿ ಪ್ರಸಿದ್ಧವಾಗಿದೆ. ಗೌಸರ ಸ್ನೇಹಿತರೊಬ್ಬರು 1856ರಲ್ಲಿ ಪ್ರಕಟಿಸಿದ ಮೊದಲನೆಯ ಚರಿತ್ರೆಯಲ್ಲಿ ಸಂಖ್ಯೆಗಳು ಇಂಥವೇ ಎಂದು ಹೇಳಿಲ್ಲ. ಅದು ಮುಂದಿನವರು ಸೇರಿಸಿದ ವಿವರ. ಆದರೂ ಉಪಾಯವನ್ನು ತಿಳಿಯಲು ಆ ಉದಾಹರಣೆಯು ಅನುಕೂಲವಾಗಿದೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರೂ ಕಚೇರಿಯಲ್ಲಿ ಖಾತೆ ಬರೆಯುವವರೂ ಇದನ್ನು ಕೂಡಲೇ ಮೆಚ್ಚುವರು. ಒಂದು ಮತ್ತು ನೂರು ಸೇರಿದರೆ 101. ಎರಡು ಮತ್ತು ತೊಂಬತ್ತೊಂಬತ್ತು ಸೇರಿದರೂ 101. ಮೂರು ಮತ್ತು ತೊಂಬತ್ತೆಂಟು ಸೇರಿದರೂ 101. ಇಂತಹ ಜೋಡಿಗಳು ಐವತ್ತು. ಐವತ್ತನ್ನು 101ರಿಂದ ಗುಣಿಸಿದರೆ 5050. ನೂರು ಸಲ ಕೂಡುವ ಶ್ರಮವು ಒಂದು ಗುಣಾಕಾರದಲ್ಲಿ ಮುಗಿಯಿತು. ಬೇರೆಯವರು ವೇಗವಾಗಿ ಕೂಡಲು ಯತ್ನಿಸಿದರು. ಈ ಹುಡುಗನು ಕೂಡುವ ಅಗತ್ಯವೇ ಇಲ್ಲವೆಂಬುದನ್ನು ಕಂಡನು. ಗಣಿತದ ಶಕ್ತಿಯೆಂದರೆ ಇದು; ಬರಿಯ ಕೈಚಳಕವಲ್ಲ.

ಗುರುತಿಸಿದ ಮೇಲೆ

ಇಷ್ಟು ಕಥೆಯನ್ನು ಅನೇಕರು ಕೇಳಿರಬಹುದು. ಆದರೆ ನಮ್ಮ ಮನಸ್ಸಿಗೆ ಹೆಚ್ಚು ಹಿಡಿದುದು ಮುಂದಿನ ಭಾಗ. ಚಾವಟಿಯ ಮಾಸ್ತರರೆಂದು ಹೆಸರಾದ ಬ್ಯೂಟ್ನರರು ಹುಡುಗನ ಜಾಣತನವನ್ನು ಉದ್ಧಟತನವೆಂದು ತಿಳಿಯಲಿಲ್ಲ. ಅವರು ಹ್ಯಾಂಬರ್ಗಿನಿಂದ ಉತ್ತಮವಾದ ಅಂಕಗಣಿತದ ಪುಸ್ತಕವೊಂದನ್ನು ತರಿಸಿಕೊಟ್ಟರು. ಹುಡುಗನು ಅದನ್ನೂ ಬೇಗನೆ ಮುಗಿಸಲು, ತಮ್ಮಿಂದ ಇವನಿಗೆ ಕಲಿಸಬೇಕಾದುದು ಏನೂ ಉಳಿದಿಲ್ಲವೆಂದು ಒಪ್ಪಿಕೊಂಡರು. ಉಪಾಧ್ಯಾಯನಾದವನಿಗೆ ಇದಕ್ಕಿಂತ ಕಷ್ಟವಾದ ಮಾತು ಮತ್ತೊಂದಿಲ್ಲ.

ಆ ಶಾಲೆಯಲ್ಲಿ ಬಾರ್ಟೆಲ್ಸ್ ಎಂಬ ಸಹಾಯಕನಿದ್ದನು. ಗೌಸನಿಗಿಂತ ಎಂಟು ವರ್ಷ ಹಿರಿಯ. ಗರಿಯ ಲೇಖನಿಗಳನ್ನು ಕೊಯ್ದು ಕೊಡುವುದು, ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವುದು ಅವನ ಕೆಲಸ. ಅವನಿಗೂ ಗಣಿತದ ಹುಚ್ಚು. ಇಬ್ಬರೂ ಜೊತೆಯಾಗಿ ಬೀಜಗಣಿತದ ಪುಸ್ತಕಗಳನ್ನು ಓದಿದರು, ಅರ್ಥವಾಗದುದನ್ನು ಚರ್ಚಿಸಿದರು. ಈ ಬಾರ್ಟೆಲ್ಸನೂ ಮುಂದೆ ರಷ್ಯದ ಕಜಾನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರನಾದನು. ಅಲ್ಲಿ ಲೊಬಚೆವ್‌ಸ್ಕಿ ಎಂಬ ಮತ್ತೊಬ್ಬ ಮಹಾಗಣಿತಜ್ಞನಿಗೆ ಗುರುವಾದನು. ಲೇಖನಿ ಕೊಯ್ಯುವ ಹುಡುಗನೂ ಲೆಕ್ಕ ಮಾಡುವ ಹುಡುಗನೂ ಒಂದೇ ಬಡಶಾಲೆಯ ಮೂಲೆಯಲ್ಲಿ ಒಬ್ಬರನ್ನೊಬ್ಬರು ಬೆಳೆಸಿದರು.

ಇನ್ನು ಉಳಿದುದು ಮನೆಯ ಅಡ್ಡಿ. ಸಂಜೆಯ ಹೊತ್ತು ಬಾಲಕನು ಅಗಸೆಯ ನಾರನ್ನು ನೂಲಬೇಕಾಗಿತ್ತು. ಅದು ಮನೆಯ ಆದಾಯದ ಒಂದು ಅಂಶ. ಮಾಸ್ತರರು ತಂದೆಯನ್ನು ಕರೆಸಿ ಮಾತನಾಡಿದರು. ಮುಂದಿನ ಓದಿಗೆ ಹಣವೆಲ್ಲಿಂದ ಎಂಬುದು ತಂದೆಯ ಪ್ರಶ್ನೆ. ದೊಡ್ಡವರ ಸಹಾಯ ದೊರಕಿಸಬಹುದೆಂಬುದು ಮಾಸ್ತರರ ಭರವಸೆ. ಅಂದಿನಿಂದ ನೂಲುವ ಕೆಲಸವು ತಪ್ಪಿತು. ಸಂಜೆಯ ಸಮಯವು ಓದಿಗೆ ಮೀಸಲಾಯಿತು. ತಾಯಿಯಂತೂ ಮೊದಲಿನಿಂದಲೂ ಮಗನ ಪಕ್ಷವೇ.

1788ರಲ್ಲಿ ಗೌಸನು ಪ್ರೌಢಶಾಲೆಯನ್ನು ಸೇರಿದನು. ಅವನ ಸುದ್ದಿಯು ಪ್ರೊಫೆಸರ್ ಜಿಮ್ಮರ್‌ಮನ್ ಎಂಬವರ ಮೂಲಕ ಡ್ಯೂಕ್ ಕಾರ್ಲ್ ವಿಲ್‌ಹೆಲ್ಮ್ ಫರ್ಡಿನಾಂಡರ ಕಿವಿಯನ್ನು ಮುಟ್ಟಿತು. 1791ರಲ್ಲಿ ಹದಿನಾಲ್ಕು ವರ್ಷದ ಬಾಲಕನನ್ನು ಅರಮನೆಗೆ ಕರೆಸಿ ನೋಡಿದ ಡ್ಯೂಕರು ಅವನ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಆ ವಿದ್ಯಾರ್ಥಿವೇತನದಿಂದ ಅವನು ಬ್ರನ್ಸ್‌ವಿಕ್ಕಿನ ಕಾಲೇಜಿನಲ್ಲಿಯೂ, 1795ರಿಂದ 1798ರವರೆಗೆ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿಯೂ ಓದಿದನು.

ಕೀರ್ತಿಯ ದಿನಗಳು

ಭಾಷಾಶಾಸ್ತ್ರವೋ ಗಣಿತವೋ ಎಂಬ ತೊಳಲಾಟವು 1796ರ ಮಾರ್ಚ್ 30ರಂದು ಕೊನೆಗೊಂಡಿತು. ಅಳತೆಯ ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಇವೆರಡರಿಂದಲೇ ಹದಿನೇಳು ಸಮಭುಜಗಳುಳ್ಳ ಆಕೃತಿಯನ್ನು ರಚಿಸಲು ಸಾಧ್ಯವೆಂದು ಗೌಸರು ಅಂದು ಕಂಡುಕೊಂಡರು. ಗ್ರೀಕರ ಕಾಲದಿಂದ ಎರಡು ಸಾವಿರ ವರ್ಷ ಯಾರಿಗೂ ಹೊಳೆಯದಿದ್ದುದು ಹತ್ತೊಂಬತ್ತು ತುಂಬದ ತರುಣನಿಗೆ ಹೊಳೆಯಿತು. 1801ರಲ್ಲಿ ಸಂಖ್ಯಾಸಿದ್ಧಾಂತವನ್ನು ಕುರಿತ ಅವರ ಮಹಾಗ್ರಂಥವು ಲ್ಯಾಟಿನ್ ಭಾಷೆಯಲ್ಲಿ ಹೊರಬಿದ್ದಿತು. ಅದನ್ನು ಡ್ಯೂಕರಿಗೆ ಅರ್ಪಿಸಿದರು. ಅದೇ ವರ್ಷದ ಜನವರಿ 1ರಂದು ಇಟಲಿಯ ಪಿಯಾಜ್ಜಿಯವರು ಕಂಡಿದ್ದ ಸೀರೆಸ್ ಎಂಬ ಹೊಸ ಆಕಾಶಕಾಯವು ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿತ್ತು. ಅದು ಮತ್ತೆ ಎಲ್ಲಿ ಕಾಣುವುದೆಂಬುದನ್ನು ಗೌಸರು ಗಣಿಸಿ ಹೇಳಿದರು. ವರ್ಷದ ಕೊನೆಯಲ್ಲಿ ಖಗೋಳಜ್ಞರು ಅವರು ಸೂಚಿಸಿದ ಕಡೆಯಲ್ಲಿಯೇ ಅದನ್ನು ಕಂಡರು. ಯೂರೋಪಿನಲ್ಲೆಲ್ಲ ಗೌಸರ ಹೆಸರು ಹರಡಿತು.

1806ರಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ನಡೆದ ಯುದ್ಧದಲ್ಲಿ ಡ್ಯೂಕರು ಗಾಯಗೊಂಡು ಮರಣ ಹೊಂದಿದರು. ಒಬ್ಬ ದೊರೆಯ ಔದಾರ್ಯವನ್ನೇ ನೆಚ್ಚಿದ ಆಸರೆಯು ಅವನೊಡನೆ ಹೋಗುತ್ತದೆ. ಮರುವರ್ಷ ಗೌಸರು ಗಾಟಿಂಗೆನ್ನಿನ ಖಗೋಳ ವೀಕ್ಷಣಾಲಯದ ಮುಖ್ಯಸ್ಥರಾದರು. ಕೊನೆಯವರೆಗೂ ಅಲ್ಲಿಯೇ ಇದ್ದರು.

ಬಾಗಿಲ ಹೊರಗೆ ನಿಂತವರು

ಇದೇ ಸಮಯದ ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಈ ಚರಿತ್ರೆಯು ಅರೆಯಾಗುವುದು. 1804ರಿಂದ ಪ್ಯಾರಿಸ್ಸಿನ ಲೆಬ್ಲಾಂಕ್ ಎಂಬ ಹೆಸರಿನವರೊಬ್ಬರು ಗೌಸರಿಗೆ ಗಣಿತದ ವಿಷಯವಾಗಿ ಪತ್ರಗಳನ್ನು ಬರೆಯುತ್ತಿದ್ದರು. ವಾಸ್ತವದಲ್ಲಿ ಅವರು ಸೋಫಿ ಜರ್ಮೇನ್ ಎಂಬ ಮಹಿಳೆ. ಪ್ಯಾರಿಸ್ಸಿನ ದೊಡ್ಡ ವಿದ್ಯಾಲಯವು ಸ್ತ್ರೀಯರಿಗೆ ತೆರೆದಿರಲಿಲ್ಲ. ಆಕೆ ಅಲ್ಲಿಯ ಉಪನ್ಯಾಸಗಳ ಟಿಪ್ಪಣಿಗಳನ್ನು ಸಂಪಾದಿಸಿ ಮನೆಯಲ್ಲಿಯೇ ಓದಿ, ಗಂಡಸಿನ ಹೆಸರನ್ನಿಟ್ಟುಕೊಂಡು ವಿದ್ವಾಂಸರೊಡನೆ ವ್ಯವಹರಿಸಿದರು. ಫ್ರೆಂಚ್ ಸೈನ್ಯವು ಬ್ರನ್ಸ್‌ವಿಕ್ಕನ್ನು ಹಿಡಿದಾಗ ಗೌಸರಿಗೆ ಅಪಾಯವಾಗದಂತೆ ತಮ್ಮ ಪರಿಚಯದ ಸೇನಾಪತಿಗೆ ಹೇಳಿಕಳುಹಿಸಿದವರೂ ಅವರೇ. 1807ರಲ್ಲಿ ನಿಜವು ತಿಳಿದಾಗ ಗೌಸರು ಆಶ್ಚರ್ಯಪಟ್ಟು, ಇಷ್ಟೊಂದು ಅಡ್ಡಿಗಳನ್ನು ದಾಟಿದ ಆಕೆಯ ಧೈರ್ಯವನ್ನೂ ಪ್ರತಿಭೆಯನ್ನೂ ಮನಸಾರ ಕೊಂಡಾಡಿದರು. ಗೌಸರಿಗೆ ಸ್ಲೇಟನ್ನಿಡಲು ಒಂದು ಮೇಜಾದರೂ ಇತ್ತು. ಸೋಫಿಯವರಿಗೆ ಆ ಕೋಣೆಯ ಒಳಗೇ ಪ್ರವೇಶವಿರಲಿಲ್ಲ; ತಮ್ಮ ಸ್ಲೇಟನ್ನು ಬೇರೊಬ್ಬರ ಹೆಸರಿನಲ್ಲಿ ಒಳಗೆ ಕಳುಹಿಸಬೇಕಾಯಿತು.

ಕೊನೆಯ ವರ್ಷಗಳು

ಗೌಸರು ಭೂಮಾಪನವನ್ನು ನಡೆಸಿದರು. 1833ರಲ್ಲಿ ವೆಬರ್ ಎಂಬ ವಿಜ್ಞಾನಿಯೊಡಗೂಡಿ ವಿದ್ಯುತ್ತಂತಿಯ ಮೂಲಕ ಸುದ್ದಿ ಕಳುಹಿಸಿದರು. 1845ರಿಂದ 1851ರವರೆಗೆ ವಿಶ್ವವಿದ್ಯಾಲಯದ ವಿಧವೆಯರ ಸಹಾಯನಿಧಿಯ ಲೆಕ್ಕವನ್ನು ಪರಿಶೀಲಿಸಿ ಅದನ್ನು ಭದ್ರಪಡಿಸುವ ದಾರಿಯನ್ನು ತೋರಿಸಿದರು. ಉತ್ತರಕ್ರಿಯೆಯ ನಿಧಿಯನ್ನು ಕಾಯುತ್ತಿದ್ದ ತಂದೆಯ ಮಗನಿಗೆ ಒಪ್ಪುವ ಕೆಲಸವೇ ಸರಿ. ತಾಯಿಯನ್ನು ತಮ್ಮ ಬಳಿಗೆ ಕರೆಸಿಕೊಂಡು ಇಪ್ಪತ್ತೆರಡು ವರ್ಷ ಸಾಕಿದರು. ಕಣ್ಣು ಕಾಣದಾದ ಆಕೆ 1839ರಲ್ಲಿ ತೊಂಬತ್ತು ಮೀರಿದ ವಯಸ್ಸಿನಲ್ಲಿ ತೀರಿಕೊಂಡರು. ಗೌಸರು 1855ರ ಫೆಬ್ರವರಿ 23ರಂದು ಕಾಲವಾದರು. ಮುಂದೆ ಯೂರೋ ಹಣವು ಚಲಾವಣೆಗೆ ಬರುವವರೆಗೂ ಜರ್ಮನಿಯ ಹತ್ತು ಮಾರ್ಕಿನ ನೋಟಿನ ಮೇಲೆ ಈ ಗಾರೆ ಕೆಲಸದವನ ಮಗನ ಭಾವಚಿತ್ರವಿತ್ತು.

ನಾವು ತಿಳಿಯಬೇಕಾದುದು

ಗೌಸರಂತಹ ಪ್ರತಿಭೆಯು ಹೇಗಾದರೂ ಹೊರಬೀಳುತ್ತಿತ್ತೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಬ್ಯೂಟ್ನರರು ಶಿಫಾರಸು ಇದ್ದವರಿಗೆ ಮಾತ್ರ ಆ ಲೆಕ್ಕವನ್ನು ಕೊಟ್ಟಿದ್ದರೆ ಗಾರೆ ಕೆಲಸದವನ ಮಗನ ಹೆಸರು ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅವನ ತಂದೆಯೂ ಕೇಳಲು ಹೋಗುತ್ತಿರಲಿಲ್ಲ. ಲೆಕ್ಕವು ಎಲ್ಲರಿಗೂ ಒಂದೇ ಆಗಿತ್ತು. ಮೇಜು ಎಲ್ಲರಿಗೂ ತೆರೆದಿತ್ತು. ಸ್ಲೇಟಿನಲ್ಲಿ ಉತ್ತರವಿತ್ತೇ ಹೊರತು ಅಪ್ಪನ ಕಸುಬು ಬರೆದಿರಲಿಲ್ಲ. ನಮ್ಮ ಕಾಲದಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಅಮೆರಿಕದ ಫ್ಲಾರಿಡಾ ಪ್ರಾಂತದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಮೊದಲು ಉಪಾಧ್ಯಾಯರೂ ತಾಯಿತಂದೆಯರೂ ಸೂಚಿಸಿದ ಮಕ್ಕಳನ್ನು ಮಾತ್ರ ವಿಶೇಷ ವರ್ಗಕ್ಕಾಗಿ ಪರೀಕ್ಷಿಸುತ್ತಿದ್ದರು. 2005ರಲ್ಲಿ ಎರಡನೆಯ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸುವ ಕ್ರಮವನ್ನು ತಂದಾಗ, ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಬಡ ಮಕ್ಕಳೂ ಕರಿಯರ ಮಕ್ಕಳೂ ಹೆಚ್ಚಿನ ಸಂಖ್ಯೆಯಲ್ಲಿ ಆರಿಸಲ್ಪಟ್ಟರೆಂದು ಡೇವಿಡ್ ಕಾರ್ಡ್ ಮತ್ತು ಲಾರಾ ಜ್ಯೂಲಿಯಾನೋ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ತೋರಿಸಿಕೊಟ್ಟರು. ಮಕ್ಕಳು ಮೊದಲೂ ಅಲ್ಲಿಯೇ ಇದ್ದರು. ಸ್ಲೇಟು ಮಾತ್ರ ಅವರ ಕೈಗೆ ಬಂದಿರಲಿಲ್ಲ.

ಆದರೆ ಆರಿಸುವುದರಿಂದಲೇ ಕೆಲಸ ಮುಗಿಯದು. ಹ್ಯಾಂಬರ್ಗಿನ ಪುಸ್ತಕ, ಜೊತೆಗೆ ಕುಳಿತ ಬಾರ್ಟೆಲ್ಸ್, ನೂಲುವುದರಿಂದ ಬಿಡುಗಡೆಯಾದ ಸಂಜೆಗಳು, ಡ್ಯೂಕರ ಹಣ, ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಸ್ಲೇಟಿನ ಸಂಖ್ಯೆಯನ್ನು ಒರೆಸಿಹಾಕಿ ಮರೆತುಬಿಡುತ್ತಿದ್ದರು. ದಿನವೆಲ್ಲ ದುಡಿದು ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಓದಿದವರು ನಮ್ಮವರಲ್ಲಿ ಎಷ್ಟೋ ಮಂದಿ. ಬುದ್ಧಿಗಿಂತ ಹೆಚ್ಚಾಗಿ ಹೊತ್ತಿಗೇ ಬಡತನವಿತ್ತೆಂಬುದನ್ನು ಅವರು ಬಲ್ಲರು. ಅಂಥವರ ಮಕ್ಕಳು ಇಂದು ಪರವೂರಿನ ಶಾಲೆಗಳಲ್ಲಿ ಓದುತ್ತಿದ್ದಾರೆ. ಮಗುವು ಲೆಕ್ಕವನ್ನು ಬೇರೆ ದಾರಿಯಿಂದ ಮಾಡಿ ತೋರಿಸಿದರೆ ಅದನ್ನು ಗದರಿಸದೆ ಕೇಳೋಣ. ಶಾಲೆಯಲ್ಲಿ ಮುಂದಿನ ವರ್ಗಕ್ಕೆ ಆರಿಸುವ ಪರೀಕ್ಷೆಯಿದ್ದರೆ ನಮ್ಮ ಮಗುವಿಗೂ ಅದು ಸಿಗಬೇಕೆಂದು ಸಂಕೋಚವಿಲ್ಲದೆ ಹೋಗಿ ಕೇಳೋಣ. ಗಂಡೆಂದೂ ಹೆಣ್ಣೆಂದೂ ಭೇದವೆಣಿಸದಿರೋಣ. ಸಂಜೆಯ ಒಂದು ಗಂಟೆಯನ್ನು ಮಗುವಿಗೆ ಉಳಿಸಿಕೊಡುವುದು ಡ್ಯೂಕರಲ್ಲದವರಿಂದಲೂ ಆಗುವ ಕೆಲಸ.