ವಿದ್ವಾಂಸರಿಗೆ ಆಸರೆಯಾದ ತತ್ತ್ವಜ್ಞಾನಿ ಜಾಕ್ ಮಾರಿತೇನ್

ಗುರುಮಠದ ತರಗತಿಗಳಲ್ಲಿ ನಾವು ಜಾಕ್ ಮಾರಿತೇನರನ್ನು ಅರಿತದ್ದು ಸಂತ ತೋಮಸ್ ಅಕ್ವಿನಾಸರ ಆಧುನಿಕ ವ್ಯಾಖ್ಯಾನಕಾರರೆಂದು. ನೆಲೆ ಕಳೆದುಕೊಂಡ ವಿದ್ವಾಂಸರ ವಿದ್ಯಾಪೀಠವೊಂದಕ್ಕೆ ಅವರು ಅಧ್ಯಕ್ಷರಾಗಿದ್ದ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಪಾಂಡಿತ್ಯದಷ್ಟೇ ಸ್ಮರಣೀಯವಾದ ಆ ಸೇವೆಯನ್ನು ಈ ವಾರ ನೆನೆಯೋಣ.

1882ರ ನವೆಂಬರ್ 18ರಂದು ಪ್ಯಾರಿಸಿನ ಪ್ರೊಟೆಸ್ಟೆಂಟ್ ಮನೆತನವೊಂದರಲ್ಲಿ ಜನಿಸಿದ ಮಾರಿತೇನರು ಸೋರ್ಬೋನ್ ವಿಶ್ವವಿದ್ಯಾಲಯದಲ್ಲಿ ರಾಯಿಸ್ಸಾ ಎಂಬ ಸಹಪಾಠಿಯನ್ನು ಕಂಡರು. ಆಕೆ ರಷ್ಯಾದ ಯೆಹೂದ್ಯ ಕುಟುಂಬದವರು. ಅಲ್ಲಿ ಯೆಹೂದ್ಯರ ಉನ್ನತ ವಿದ್ಯಾಭ್ಯಾಸಕ್ಕೆ ನಿರ್ಬಂಧಗಳಿದ್ದವು. ಮಕ್ಕಳು ಓದಲೆಂದೇ ತಂದೆತಾಯಿ ಸ್ವದೇಶ ತೊರೆದಿದ್ದರು. ಬದುಕಿಗೆ ಅರ್ಥ ಕಾಣದಿದ್ದರೆ ಪ್ರಾಣ ನೀಗುವುದೇ ಲೇಸೆಂದು ನಿಶ್ಚಯಿಸಿದ್ದ ಈ ತರುಣರನ್ನು ನಿರಾಶೆಯಿಂದ ಮೇಲೆತ್ತಿದವು ಯೆಹೂದ್ಯ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ನರ ಉಪನ್ಯಾಸಗಳು. 1904ರಲ್ಲಿ ಇಬ್ಬರೂ ವಿವಾಹವಾದರು; 1906ರ ಜೂನ್ 11ರಂದು ದೀಕ್ಷಾಸ್ನಾನ ಪಡೆದರು. ಮುಂದೆ ಮಾರಿತೇನರು ಗುರುವಿನ ತತ್ತ್ವವನ್ನು ವಿಮರ್ಶಿಸಿ ಗ್ರಂಥ ಬರೆದರೂ ಗುರುವಿನ ಋಣವನ್ನು ಮರೆಯಲಿಲ್ಲ.

1940ರ ಆರಂಭದಲ್ಲಿ ಅವರು ಉಪನ್ಯಾಸಕ್ಕೆಂದು ಸಪತ್ನೀಕರಾಗಿ ಅಮೆರಿಕಕ್ಕೆ ತೆರಳಿದರು. ಜೂನ್ ತಿಂಗಳಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಪತ್ನಿ ಯೆಹೂದ್ಯ ಸಂಜಾತೆ. ಮರಳುವ ಹಾದಿ ಮುಚ್ಚಿತು. ಅಕ್ಟೋಬರ್‌ನಲ್ಲಿ ವಿಷಿ ಸರ್ಕಾರವು ಯೆಹೂದ್ಯರನ್ನು ಸಾರ್ವಜನಿಕ ಬೋಧನಾ ಹುದ್ದೆಗಳಿಂದ ಹೊರಹಾಕುವ ಶಾಸನ ಹೊರಡಿಸಿತು. 1941ರ ಜನವರಿಯಲ್ಲಿ ಶತ್ರುವಶವಾಗಿದ್ದ ಪ್ಯಾರಿಸಿನಲ್ಲಿ ಬರ್ಗ್‌ಸನ್ನರು ತೀರಿಕೊಂಡರು. ಕಥೋಲಿಕ ವಿಶ್ವಾಸಕ್ಕೆ ಮನಸೋತಿದ್ದರೂ, ಹಿಂಸೆಗೊಳಗಾಗಲಿದ್ದ ತಮ್ಮ ಜನರ ಜೊತೆಗಿರಲೆಂದು ಅವರು ದೀಕ್ಷೆ ಪಡೆದಿರಲಿಲ್ಲ.

ನ್ಯೂಯಾರ್ಕಿನ ನ್ಯೂ ಸ್ಕೂಲ್ ಸಂಸ್ಥೆಯ ಮುಖ್ಯಸ್ಥ ಆಲ್ವಿನ್ ಜಾನ್ಸನ್ನರು ಹಿಟ್ಲರನ ಆಡಳಿತದಲ್ಲಿ ಪದಚ್ಯುತರಾದ ಪ್ರಾಧ್ಯಾಪಕರಿಗಾಗಿ 1933ರಲ್ಲೇ ಆಶ್ರಯ ಕಲ್ಪಿಸಿದ್ದರು. ವಿದ್ವಾಂಸನೊಬ್ಬನನ್ನು ಪಾರುಮಾಡಲು ಕನಿಕರವೊಂದೇ ಸಾಲದು. ವಿದ್ಯಾಸಂಸ್ಥೆಯ ಆಹ್ವಾನ, ವೇತನದ ಭರವಸೆ, ವೀಸಾ ಎಲ್ಲವೂ ಬೇಕು. ಇದಕ್ಕೆ ರಾಕ್‌ಫೆಲ್ಲರ್ ಪ್ರತಿಷ್ಠಾನ ಧನಸಹಾಯ ನೀಡಿತು. ಫ್ರಾನ್ಸಿನಲ್ಲಿ ಸಿಲುಕಿದವರಿಗಾಗಿ ಮಾರಿತೇನರು ಈ ಕಾರ್ಯದಲ್ಲಿ ಶ್ರಮಿಸಿದರು. 1942ರ ಫೆಬ್ರವರಿಯಲ್ಲಿ ನ್ಯೂ ಸ್ಕೂಲಿನ ನೆರಳಿನಲ್ಲೇ, ಫ್ರೆಂಚ್ ಭಾಷೆಯಲ್ಲಿ ಬೋಧಿಸುವ 'ಎಕೋಲ್ ಲೀಬ್ರ್' ಎಂಬ ಸ್ವತಂತ್ರ ವಿದ್ಯಾಪೀಠ ಆರಂಭವಾಯಿತು. ಮೊದಲ ಅಧ್ಯಕ್ಷ ಹೆನ್ರಿ ಫೋಸಿಯೋನ್ 1943ರಲ್ಲಿ ನಿಧನರಾದಾಗ ಹೊಣೆ ಮಾರಿತೇನರ ಹೆಗಲೇರಿತು. ಹುದ್ದೆ ಕಳೆದುಕೊಂಡಿದ್ದ ಕ್ಲೋದ್ ಲೆವಿ-ಸ್ಟ್ರೌಸ್, ನಾಜಿಗಳಿಂದ ತಪ್ಪಿಸಿಕೊಂಡು ದೇಶದೇಶ ಅಲೆದ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಅಲ್ಲಿ ಬೋಧಿಸಿದರು. ಅವರಿಬ್ಬರ ಒಡನಾಟದಿಂದ ಮಾನವಶಾಸ್ತ್ರವೇ ಹೊಸ ದಿಕ್ಕು ಹಿಡಿಯಿತು.

ಆ ಪ್ರಾಧ್ಯಾಪಕರಲ್ಲಿ ಕಥೋಲಿಕರಲ್ಲದವರೇ ಅನೇಕರು. ತೋಮಸರ ಶಿಷ್ಯನಿಗೆ ಇದು ಅಡ್ಡಿಯಾಗಲಿಲ್ಲ. ತೋಮಸರೇ ಗ್ರೀಕನಾದ ಅರಿಸ್ಟಾಟಲನಿಂದ, ಮುಸ್ಲಿಮನಾದ ಇಬ್ನ್ ಸೀನಾನಿಂದ, ಯೆಹೂದ್ಯನಾದ ಮೈಮೊನಿದೆಸನಿಂದ ಕಲಿತವರಲ್ಲವೇ? ಸತ್ಯವು ದೇವರದೇ ಆಗಿರುವಾಗ, ಸತ್ಯಾನ್ವೇಷಕನನ್ನು ಕಾಪಾಡುವುದೂ ದೇವರ ಕೆಲಸವೇ.

ಯುದ್ಧಾನಂತರ ಅವರು 1945ರಿಂದ 1948ರವರೆಗೆ ವ್ಯಾಟಿಕನ್ನಿಗೆ ಫ್ರಾನ್ಸಿನ ರಾಯಭಾರಿಯಾಗಿದ್ದರು. 1947ರಲ್ಲಿ ಮೆಕ್ಸಿಕೋದ ಯುನೆಸ್ಕೋ ಸಮ್ಮೇಳನದಲ್ಲಿ, ಸಿದ್ಧಾಂತಗಳು ಭಿನ್ನವಾದರೂ ಮಾನವನ ಹಕ್ಕುಗಳ ರಕ್ಷಣೆಗೆ ರಾಷ್ಟ್ರಗಳು ಕೂಡಿ ದುಡಿಯಬಹುದೆಂದು ಪ್ರತಿಪಾದಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ಮುಕ್ತಾಯದಂದು, 1965ರ ಡಿಸೆಂಬರ್ 8ರಂದು, ಪೋಪ್ ಆರನೆಯ ಪೌಲರು ಬುದ್ಧಿಜೀವಿಗಳಿಗಾಗಿ ನೀಡಿದ ಸಂದೇಶವನ್ನು ಸ್ವೀಕರಿಸಿದವರಲ್ಲಿ ಅವರೂ ಒಬ್ಬರು. ರಾಯಿಸ್ಸಾ 1960ರಲ್ಲೇ ಅಗಲಿದ್ದರು. ಯೇಸುವಿನ ಕಿರಿಯ ಸಹೋದರರೊಡನೆ ತುಲೂಸಿನಲ್ಲಿ ಸರಳವಾಗಿ ಬಾಳಿ, 1973ರ ಏಪ್ರಿಲ್ 28ರಂದು ಮಾರಿತೇನರು ದೈವಾಧೀನರಾದರು.

ಹೆರೋದನಿಗೆ ಅಂಜಿ ಈಜಿಪ್ಟಿಗೆ ಹೋದ ಪಾವನ ಕುಟುಂಬಕ್ಕೂ ಪರದೇಶದಲ್ಲಿ ಆಶ್ರಯ ಬೇಕಾಗಿತ್ತು. ಇಂದು ನಮ್ಮ ಮಕ್ಕಳು ದೂರದ ವಿಶ್ವವಿದ್ಯಾಲಯಗಳಲ್ಲಿ ಆದರ ಪಡೆದಾಗ ನಾವು ಹೆಮ್ಮೆಪಡುತ್ತೇವೆ. ತನ್ನ ನಾಡಿನಲ್ಲಿ ಓದಲಾಗದೆ, ಕಲಿಸಲಾಗದೆ ಬಂದ ಪರಕೀಯನೊಬ್ಬ ನಮ್ಮ ಬಾಗಿಲು ತಟ್ಟಿದರೆ ಏನು ಮಾಡುತ್ತೇವೆ? ಅಂತಿಮ ತೀರ್ಪಿನ ದಿನ ಪ್ರಭು ನಮ್ಮನ್ನು ಕೇಳುವುದೂ ಇದನ್ನೇ.